ತೆನೆಗಿರಿಗೆ ರುಚಿ ಮರಳಿದ ಕತೆ

ಬಹಳ ಹಿಂದೆ, ಕಾಡಿನ ಪ್ರಾಣಿಗಳು ಮನುಷ್ಯರ ಮಾತನ್ನು ಇನ್ನೂ ಮರೆತಿರದ ಕಾಲದಲ್ಲಿ, ತೆನೆಗಿರಿ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಬಾಚರಸ. ಅವನ ರಾಣಿ ಚಂದಲೆ. ಅವರಿಗೆ ಒಬ್ಬಳೇ ಮಗಳು, ಹೆಸರು ನಾಗಲೆ.

ತೆನೆಗಿರಿಯಲ್ಲಿ ಒಂದು ಪದ್ಧತಿ ಇತ್ತು. ಮಳೆ ಹಿಂದೆ ಸರಿದು, ಆಕಾಶ ತೊಳೆದಿಟ್ಟ ಗಂಗಾಳದಂತಾಗಿ, ಹೊಲದಲ್ಲಿ ಸಜ್ಜೆಯ ತೆನೆ ತೂಗುವ ಹೊತ್ತಿಗೆ ಸೀಗೆ ಹುಣ್ಣಿಮೆ ಬರುತ್ತದಲ್ಲ, ಆ ದಿನ ಮಧ್ಯಾಹ್ನ ಅಲ್ಲಿ ಯಾರೂ ಮನೆಯೊಳಗೆ ಉಣ್ಣುತ್ತಿರಲಿಲ್ಲ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಿದ್ದರು. ಬೇರೆಯಾದ ಅಣ್ಣತಮ್ಮಂದಿರು ಒಂದೇ ಬಂಡಿ ಹತ್ತುತ್ತಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಯ ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಕರ್ಚಿಕಾಯಿ ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಇಟ್ಟು, ಬನ್ನಿ ಮರದ ನೆರಳಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದರು. ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಅತ್ತೆ, ಸರಿಯಾಗಿದೆ ಎಂದು ಸೊಸೆ. ಇಬ್ಬರ ನಡುವೆ ಕೂತ ಮಗನಿಗೆ ಎರಡು ಕಡೆಯಿಂದಲೂ ರೊಟ್ಟಿ.

ಅರಸನ ಮನೆಯವರೂ ಆ ದಿನ ಹೊಲಕ್ಕೇ ಹೋಗುತ್ತಿದ್ದರು. ವರ್ಷವಿಡೀ ಅರಮನೆಯ ಅಡುಗೆ ಸಾತಜ್ಜಿಯದು. ಆ ಒಂದು ದಿನ ಮಾತ್ರ ರಾಣಿ ಚಂದಲೆ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಸಿಹಿಗುಂಬಳ ತುರಿದು, ಅಕ್ಕಿತರಿ ಬೆಲ್ಲ ಕಾಯಿತುರಿ ಕಲಸಿ, ಅರಿಶಿನದ ಎಲೆಯಲ್ಲಿ ಮಡಚಿ ಕಡುಬು ಬೇಯಿಸುತ್ತಿದ್ದಳು. ಆ ಹಬೆ ಎದ್ದರೆ ಪಕ್ಕದ ಹೊಲದವರೂ ಉಣ್ಣುವುದನ್ನು ನಿಲ್ಲಿಸಿ ಈ ಕಡೆ ನೋಡುತ್ತಿದ್ದರು. ರಾಣಿ ಅವರಿಗೂ ಕಳಿಸುತ್ತಿದ್ದಳು.

ನಾಗಲೆಗೆ ಹದಿನೈದು ತುಂಬಿದ ವರ್ಷ ಆಷಾಢದಲ್ಲಿ ರಾಣಿಗೆ ಜ್ವರ ಬಂತು. ಇಳಿಯಲಿಲ್ಲ. ಶ್ರಾವಣ ಹುಟ್ಟುವ ಮೊದಲೇ ಅವಳು ತೀರಿಕೊಂಡಳು.

ಅರಸ ಮಳೆಗಾಲವನ್ನು ಹೇಗೋ ಕಳೆದ. ಹುಣ್ಣಿಮೆ ಬಂತು. ಪದ್ಧತಿ ತಪ್ಪಬಾರದೆಂದು ಸಾತಜ್ಜಿಯೇ ಕಡುಬು ಮಾಡಿದಳು. ಎಲೆ ಬಿಚ್ಚಿದಾಗ ಹಬೆ ಅರಸನ ಮುಖಕ್ಕೆ ಬಡಿಯಿತು. ಅಷ್ಟೇ. ಯುದ್ಧದಲ್ಲಿ ಎರಡು ಬಾಣ ನೆಟ್ಟಾಗಲೂ ಕೂಗದವನು ಸಾವಿರ ಜನರ ಮುಂದೆ ನೆಲಕ್ಕೆ ಬಿದ್ದು ಹೊರಳಾಡಿದ. ಮಾರನೆಯ ದಿನವೇ ಒಬ್ಬನೇ ಕುದುರೆ ಹತ್ತಿ ಕೊರೆಗಲ್ಲು ಬೆಟ್ಟದ ಗವಿಗೆ ಹೋದ. ಅಲ್ಲಿ ಬೂದುಗಣ್ಣ ಎಂಬ ಮಾಂತ್ರಿಕನಿದ್ದ.

"ನನ್ನ ದುಃಖವನ್ನು ತೆಗೆದುಬಿಡು," ಎಂದ ಅರಸ.

"ದುಃಖ ತೆಗೆಯಲು ನನಗೆ ಬರುವುದಿಲ್ಲ," ಎಂದ ಬೂದುಗಣ್ಣ. "ರುಚಿ ತೆಗೆಯಲು ಬರುತ್ತದೆ. ರುಚಿ ಹೋದರೆ ನೆನಪು ಹೋಗುತ್ತದೆ. ನೆನಪು ಹೋದರೆ ದುಃಖ ತಾನಾಗಿಯೇ ಮಲಗುತ್ತದೆ. ಆದರೆ ಅರಸನ ನಾಲಿಗೆ ಎಂದರೆ ರಾಜ್ಯದ ನಾಲಿಗೆ. ಒಪ್ಪಿಗೆಯೇ?"

ಅರಸ ಆ ಕೊನೆಯ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ತಲೆಯಾಡಿಸಿದ.

ಅವನ ತಲೆ ಆಡಿ ನಿಲ್ಲುವಷ್ಟರಲ್ಲಿ ತೆನೆಗಿರಿಯ ಮನೆಮನೆಯಿಂದ ರುಚಿ ಎದ್ದು ಹೊರಟಿತು. ಅದರ ಹಿಂದೆಯೇ ಪರಿಮಳವೂ ಹೊರಟಿತು. ಎರಡೂ ಹೊಗೆಯಂತೆ ಬೆಟ್ಟ ಹತ್ತಿ, ಗವಿಯೊಳಗಿನ ಒಂದು ದೊಡ್ಡ ಗುಡಾಣದಲ್ಲಿ ಇಳಿದವು. ಬೂದುಗಣ್ಣ ಅದರ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದ.

ಅಂದಿನಿಂದ ತೆನೆಗಿರಿಯಲ್ಲಿ ಬೆಲ್ಲ ಕಲ್ಲಾಯಿತು, ತುಪ್ಪ ನೀರಾಯಿತು. ಮೊದಮೊದಲು ಜನ ಹೆದರಿದರು, ವೈದ್ಯರ ಹತ್ತಿರ ಓಡಿದರು. ಆಮೇಲೆ ಒಗ್ಗಿಕೊಂಡರು. ಹಸಿವಾದಾಗ ನಿಂತಲ್ಲೇ ಏನಾದರೊಂದು ನುಂಗಿ ಕೆಲಸಕ್ಕೆ ಹೋದರು. ಉಪ್ಪಿಗಾಗಿ ಜಗಳ ನಿಂತಿತು. ಉಪ್ಪಿನ ಜಗಳದ ಜೊತೆ ಮಾತೂ ನಿಂತಿತು. ಹೇಗೂ ರುಚಿಯಿಲ್ಲ, ಅಷ್ಟು ದೂರ ಬಂದು ಮಾಡುವುದೇನು ಎಂದು ಹೆಣ್ಣುಮಕ್ಕಳು ತವರಿಗೆ ಬರುವುದನ್ನು ಬಿಟ್ಟರು. ಒಂದು ಹುಣ್ಣಿಮೆ ಹೋಯಿತು, ಎರಡು ಹುಣ್ಣಿಮೆ ಹೋದವು. ಹೊಲಗಳಲ್ಲಿ ಬನ್ನಿ ಮರಗಳು ಒಂಟಿಯಾಗಿ ನಿಂತಿದ್ದವು.

ಮೂರನೆಯ ಹುಣ್ಣಿಮೆಗೆ ಇನ್ನು ಹತ್ತು ದಿನವಿತ್ತು. ನಾಗಲೆ ಅಮ್ಮನ ಹಳೆಯ ಸೀರೆಯೊಂದನ್ನು ಬಿಸಿಲಿಗೆ ಹಾಕುತ್ತಿದ್ದಳು. ಅರಸ ಹಾದುಹೋಗುತ್ತಿದ್ದವನು ನಿಂತು ಕೇಳಿದ: "ಚೆನ್ನಾಗಿದೆ. ಯಾರದು ಮಗಳೇ ಇದು?"

ನಾಗಲೆಯ ಕೈ ನಿಂತುಹೋಯಿತು. "ಅಪ್ಪಾಜಿ, ಇದು ಅವ್ವನದು."

ಅರಸ ಬಹಳ ಹೊತ್ತು ಸೀರೆಯನ್ನೇ ನೋಡಿದ. ಅಳಲಿಲ್ಲ. "ಅವಳ ಮುಖ ನೆನಪಿಗೆ ಬರುತ್ತಿಲ್ಲ," ಎಂದ. "ಪ್ರಯತ್ನಪಟ್ಟರೆ ಒಂದು ಹಣೆ ಕಾಣುತ್ತದೆ. ಆಮೇಲೆ ಅದೂ ಇಲ್ಲ." ಹಾಗೆ ಹೇಳುತ್ತಾ ಹೇಳುತ್ತಾ ಅವನು ಗವಿಗೆ ಹೋದದ್ದು, ತಲೆಯಾಡಿಸಿದ್ದು, ಎಲ್ಲವನ್ನೂ ಮಗಳ ಮುಂದೆ ಒಪ್ಪಿಕೊಂಡ.

ನಾಗಲೆಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಕನಿಕರವೂ ಬಂತು. ಎರಡನ್ನೂ ನುಂಗಿಕೊಂಡು ಅವಳು ಅಡುಗೆಮನೆಗೆ ಹೋದಳು. "ಸಾತಜ್ಜಿ, ನನಗೆ ಬುತ್ತಿ ಕಟ್ಟಿಕೊಡು. ಕೊರೆಗಲ್ಲಿಗೆ ಹೋಗಬೇಕು."

ಸಾತಜ್ಜಿ ಯಾಕೆ ಎಂದು ಕೇಳಲಿಲ್ಲ. ಹತ್ತು ಸಜ್ಜೆ ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿದಳು. "ಮಣ್ಣಿನ ಹಾಗೆ ಇರುತ್ತದೆ, ಮಗಾ. ಆದರೂ ಹೊಟ್ಟೆ ಹಿಡಿಯುತ್ತದೆ," ಎಂದಳು.

ನಾಗಲೆ ಮೂರು ಹಗಲು ನಡೆದಳು. ಮೂರನೆಯ ಹಗಲು ಒಂದು ಹಳ್ಳ ಅಡ್ಡ ಬಂತು. ಹಳ್ಳದ ದಂಡೆಯ ಬಂಡೆಗೆ ಹೆಜ್ಜೇನಿನ ಹುಟ್ಟುಗಳು ಬಾಗಿಲಿನಷ್ಟು ಅಗಲವಾಗಿ ಜೋತುಬಿದ್ದಿದ್ದವು. ಅವುಗಳ ಕೆಳಗೆ ಒಂದು ಕರಡಿ ಕೂತಿತ್ತು. ಕೂತಾಗಲೇ ಅದು ಆನೆಯಷ್ಟು ಎತ್ತರ. ಆದರೆ ಕೂದಲಿನ ಅಡಿಯಲ್ಲಿ ಪಕ್ಕೆಲುಬು ಎಣಿಸಬಹುದಾಗಿತ್ತು.

"ಹಿಂದಿರುಗಿ ಹೋಗು, ಹುಡುಗಿ," ಎಂದಿತು ಕರಡಿ.

"ಹುಣ್ಣಿಮೆಗೆ ನಮ್ಮವರು ಹೊಲದಲ್ಲಿ ಕೂತು ಉಣ್ಣಬೇಕು. ಹಿಂದಿರುಗಲಾರೆ," ಎಂದಳು ನಾಗಲೆ.

"ಹಾಗಾದರೆ ನನಗೆ ಉಣಿಸು. ಮೂರು ವರ್ಷದಿಂದ ಜೇನು ಸಪ್ಪೆ, ಹಣ್ಣು ಸಪ್ಪೆ, ಮೀನು ಸಪ್ಪೆ. ಹೊಟ್ಟೆ ಉರಿಯುತ್ತದೆ, ಗಂಟಲು ಇಳಿಸುವುದಿಲ್ಲ. ನನಗೆ ಉಣಿಸಿದವರನ್ನು ಹಳ್ಳ ದಾಟಿಸುತ್ತೇನೆ. ಸೋತವರನ್ನು ಸೀಳುತ್ತೇನೆ. ಇಬ್ಬರು ಬಂದಿದ್ದರು. ಇಬ್ಬರೂ ಸೋತರು."

ನಾಗಲೆ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಚಾಚಿದಳು. ಕರಡಿ ಮೂಸಿತು, ಬಾಯಿ ಬಿಗಿ ಹಿಡಿಯಿತು, ಪಂಜ ಎತ್ತಿತು. ಆ ಬಿಗಿದ ಬಾಯಿ ಕಂಡಾಗ ನಾಗಲೆಗೆ ಎಲ್ಲೋ ನೋಡಿದ ಹಾಗಾಯಿತು. ಎಲ್ಲಿ? ಊಟ ಬೇಡವೆಂದು ಹಟ ಹಿಡಿದ ಮಕ್ಕಳ ಬಾಯಿ ಹೀಗೇ ಇರುತ್ತದೆ.

"ನಿನಗೆ ಅಜ್ಜಿ ಇದ್ದಳೇ?" ಎಂದು ಕೇಳಿದಳು.

ಪಂಜ ಗಾಳಿಯಲ್ಲೇ ನಿಂತಿತು. "ಇದ್ದಳು."

"ಏನು ಹೆಸರು?"

"ತೊಗಲಿ."

"ಹಾಗಾದರೆ ಇದು ತೊಗಲಿ ಅಜ್ಜಿಯ ತುತ್ತು. ಇದನ್ನು ಬಿಟ್ಟರೆ ಅಜ್ಜಿ ಏನೆಂದುಕೊಳ್ಳುತ್ತಾಳೆ? 'ಆ' ಅನ್ನು."

ಕರಡಿ ಏನೋ ಹೇಳಲು ಬಾಯಿ ತೆರೆಯಿತು. ನಾಗಲೆ ತುತ್ತು ಇಟ್ಟುಬಿಟ್ಟಳು. ಕರಡಿ ಅಗಿಯಿತು. ನುಂಗಿತು.

"ಇದು ಯಾರ ತುತ್ತು?" ಎಂದು ಎರಡನೆಯದನ್ನು ಮುರಿದಳು.

"ನಮ್ಮವ್ವನದು," ಎಂದಿತು ಕರಡಿ, ಸಣ್ಣ ದನಿಯಲ್ಲಿ. "ಆಮೇಲೆ ತಮ್ಮನದು. ತಮ್ಮ ಹಳ್ಳದಲ್ಲಿ ಕೊಚ್ಚಿಹೋದ."

ತಮ್ಮನ ತುತ್ತು, ಸೋದರಮಾವನ ತುತ್ತು, ಹೆಸರು ಮರೆತ ಚಿಕ್ಕಮ್ಮನ ತುತ್ತು. ಹೀಗೆ ಉಳಿದಿದ್ದ ನಾಲ್ಕೂ ರೊಟ್ಟಿ ಮುಗಿದವು. ಕರಡಿ ಎದ್ದು ಹೊಟ್ಟೆ ಸವರಿಕೊಂಡಿತು. "ರುಚಿ ಏನೂ ಇರಲಿಲ್ಲ," ಎಂದಿತು. "ಆದರೂ ಇಳಿಯಿತು." ಮತ್ತೆ ಬೆನ್ನು ಬಗ್ಗಿಸಿ ಅವಳನ್ನು ಹೊತ್ತು ಹಳ್ಳ ದಾಟಿಸಿತು.

ಆಚೆ ದಂಡೆಯಲ್ಲೇ ಗವಿ. ಒಳಗೆ ಗೋಡೆಯುದ್ದಕ್ಕೂ ಬಾಯಿ ಮುಚ್ಚಿದ ಗಡಿಗೆಗಳು, ನೂರಾರು. ಎಲ್ಲೆಲ್ಲಿಂದಲೋ ಬಂದ ದುಃಖಿಗಳು ಬಿಟ್ಟುಹೋದವು. ನಡುವೆ ಆಳೆತ್ತರದ ಗುಡಾಣ. ಅದರ ಪಕ್ಕದಲ್ಲಿ ಬೂದುಗಣ್ಣ ಕೂತು ಒಬ್ಬನೇ ಗಂಜಿ ಕುಡಿಯುತ್ತಿದ್ದ. ತೆಳ್ಳಗಿನ ಮುದುಕ. ಕಣ್ಣು ಆರಿದ ಒಲೆಯ ಬೂದಿಯ ಬಣ್ಣ.

"ಹಿಂದಿರುಗಿ ಹೋಗು, ತಾಯಿ," ಎಂದ ಅವನು. "ನಾನು ಕದ್ದವನಲ್ಲ. ನಿನ್ನ ತಂದೆ ತಾನಾಗಿ ಬಂದು ಕೊಟ್ಟ."

"ಹುಣ್ಣಿಮೆಗೆ ನಮ್ಮವರು ಹೊಲದಲ್ಲಿ ಕೂತು ಉಣ್ಣಬೇಕು. ಹಿಂದಿರುಗಲಾರೆ," ಎಂದಳು ನಾಗಲೆ. "ಅಪ್ಪಾಜಿ ಕೊಟ್ಟದ್ದು ನಿಜ. ಆದರೆ ನನ್ನದನ್ನು, ಕುಂಬಾರರ ಕೇರಿಯದನ್ನು, ಆ ಕರಡಿಯದನ್ನು ಕೊಡಲು ಅವರು ಯಾರು? ತೆಗೆದುಕೊಳ್ಳಲು ನೀವು ಯಾರು?"

ಬೂದುಗಣ್ಣ ಗಂಜಿಯ ಬಟ್ಟಲನ್ನು ಕೆಳಗಿಟ್ಟ. ಮೂರು ವರ್ಷದಲ್ಲಿ ಯಾರೂ ಅವನನ್ನು ಈ ಮಾತು ಕೇಳಿರಲಿಲ್ಲ. "ಬೇಕು ಎನ್ನುವವರಿಗೆ ಅದರ ಬೆಲೆ ಗೊತ್ತಿರಬೇಕು," ಎಂದ. "ಅಲ್ಲಿ ಒಲೆ ಇದೆ. ಸಿಹಿಗುಂಬಳ, ಅಕ್ಕಿತರಿ, ಬೆಲ್ಲ, ಕಾಯಿ, ಅರಿಶಿನದ ಎಲೆ, ಎಲ್ಲ ಇದೆ. ನಿನ್ನ ತಾಯಿ ಮಾಡುತ್ತಿದ್ದ ಕಡುಬು ಮಾಡು. ಅದೇ ಹದ, ಅದೇ ರುಚಿ. ಉಪ್ಪಿನ ಒಂದು ಹರಳು ಹೆಚ್ಚಾದರೂ ನೀನೂ ಈ ಸಾಲಿನಲ್ಲಿ ಒಂದು ಗಡಿಗೆ."

ನಾಗಲೆ ಒಲೆಯ ಮುಂದೆ ಕೂತಳು. ಬೆಲ್ಲದ ಚೂರೊಂದನ್ನು ನಾಲಿಗೆಗೆ ಇಟ್ಟುಕೊಂಡಳು. ಕಲ್ಲು. ರುಚಿ ನೋಡಲಾಗದವಳು ರುಚಿ ಹೇಗೆ ಹಿಡಿಯುವುದು?

ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಅವ್ವ ಕೂಡ ಎಂದೂ ರುಚಿ ನೋಡಿರಲಿಲ್ಲ. ಭೂಮಿತಾಯಿಗೆ ಎಡೆ ಇಡುವ ಮೊದಲು ನಾಲಿಗೆಗೆ ತಾಗಿಸಬಾರದು ಎಂಬುದು ನೇಮ. ಚಿಕ್ಕವಳಿದ್ದಾಗ ನಾಗಲೆ ಬೆಲ್ಲಕ್ಕೆ ಕೈ ಹಾಕಿ ಎಷ್ಟು ಸಲ ಏಟು ತಿಂದಿದ್ದಳು! ಹಾಗಾದರೆ ಅವ್ವನ ಹದವೆಲ್ಲ ಇದ್ದದ್ದು ಕೈಯಲ್ಲಿ, ಕಣ್ಣಲ್ಲಿ, ಕಿವಿಯಲ್ಲಿ.

ನಾಗಲೆ ಕಣ್ಣು ಮುಚ್ಚಿ ಆ ಕೈಗಳನ್ನು ನೋಡಿದಳು. ಅವ್ವ ಕುಂಬಳದ ತುರಿಯನ್ನು ಹಿಂಡದೆ ಹಾಗೇ ಹಾಕುತ್ತಿದ್ದಳು, ನೀರು ಸೇರಿಸುತ್ತಿರಲಿಲ್ಲ. ತರಿಯಷ್ಟೇ ತುರಿ. ಬೆಲ್ಲ ಅದರ ಅರ್ಧ, ಮೇಲೆ ಒಂದು ಚೂರು, "ಇದು ಬಂದವರಿಗೆ" ಎಂದು ಹೇಳಿ. ಉಪ್ಪು ಮೂರು ಬೆರಳಿನ ತುದಿಯಲ್ಲಿ ನಿಲ್ಲುವಷ್ಟು. ಕಲಸಿದ್ದನ್ನು ಮುಷ್ಟಿಯಲ್ಲಿ ಒತ್ತಿದರೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಬಿರಿಯಬೇಕು. ಎಲೆಯ ನರ ಒಳಗೆ ಬರುವಂತೆ ಮಡಚಬೇಕು. ಪಾತ್ರೆಯ ನೀರು ಮೊದಲು ಗೊಣಗುತ್ತದೆ, ಆಮೇಲೆ ಹಾಡುತ್ತದೆ. ಹಾಡಿದಾಗ ಇಡಬೇಕು. ಹಾಡು ತೆಳುವಾದಾಗ ಇಳಿಸಬೇಕು.

ಅವಳು ಹಾಗೆಯೇ ಮಾಡಿದಳು. ಎಲೆಗಳು ಬಣ್ಣ ತಿರುಗಿದವು. ಬೂದುಗಣ್ಣ ಬಿಸಿ ಕಡುಬೊಂದನ್ನು ತೆಗೆದುಕೊಂಡು ಹೋಗಿ ಗುಡಾಣದ ಮುಂದಿಟ್ಟ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗುಡಾಣದ ಒಳಗಿನಿಂದ ಯಾರೋ ಕದ ಬಡಿದ ಹಾಗೆ ಮೆಲ್ಲನೆ ಸದ್ದಾಯಿತು. ಟಕ್, ಟಕ್, ಟಕ್.

"ಗುರುತು ಹಿಡಿಯಿತು," ಎಂದ ಬೂದುಗಣ್ಣ. "ಗುಡಾಣ ಈಗ ನಿನ್ನದು. ಬೇಕಾದರೆ ಒಡೆ. ಆದರೆ ಒಂದು ಮಾತು ಕೇಳಿ ಒಡೆ. ಮೂರು ವರ್ಷದಿಂದ ತೆನೆಗಿರಿಯವರು ಅಳದೆ ಬಿಟ್ಟ ಅಳುವೆಲ್ಲ ಇದರ ತಳದಲ್ಲಿದೆ. ಒಡೆದವರ ಎದೆಯನ್ನು ಹಾದೇ ಅದು ಹೊರಗೆ ಹೋಗಬೇಕು. ತಡೆಯುತ್ತೀಯಾ? ಹಿಂದಿರುಗಿ ಹೋಗು, ತಾಯಿ. ಬೇಡ."

ಹೀಗೆ ಹೇಳಿ ಅವನು ಮೂಲೆಯಲ್ಲಿದ್ದ ಒಂದು ಪುಟ್ಟ ಮಗೆಯತ್ತ ನೋಡಿದ. "ಅದು ನನ್ನದು. ನನಗೊಬ್ಬಳು ಮಗಳಿದ್ದಳು. ಎಳ್ಳುಂಡೆ ಎಂದರೆ ಅವಳಿಗೆ ಪ್ರಾಣ. ಅದನ್ನು ಒಡೆಯಲು ಎಷ್ಟೋ ಸಲ ಕಲ್ಲೆತ್ತಿದ್ದೇನೆ. ಕೈ ಬರಲಿಲ್ಲ. ಅಳುವುದಕ್ಕೆ ಹೆದರಿದವನಿಗೆ ಬೇರೆಯವರ ರುಚಿ ಮುಚ್ಚಿಡುವುದೇ ಕಸುಬಾಯಿತು."

ನಾಗಲೆಗೆ ನಿಜವಾಗಿಯೂ ಹೆದರಿಕೆಯಾಯಿತು. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ ಅಂದಳು: "ಹುಣ್ಣಿಮೆಗೆ ನಮ್ಮವರು ಹೊಲದಲ್ಲಿ ಕೂತು ಉಣ್ಣಬೇಕು. ಹಿಂದಿರುಗಲಾರೆ." ಒಲೆಯ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಗುಡಾಣಕ್ಕೆ ಹೊಡೆದಳು.

ಗುಡಾಣ ಹೋಳಾಯಿತು. ಮೊದಲು ಬಂದದ್ದು ಅಳು. ಕುಂಬಾರನೊಬ್ಬ ಮಗುವನ್ನು ಮಣ್ಣು ಮಾಡಿ ಬಂದು ಕಣ್ಣೀರಿಲ್ಲದೆ ಉಂಡ ಊಟ ಅವಳ ಎದೆಯನ್ನು ಹಾದುಹೋಯಿತು. ಕಾಯಿಲೆಯ ತಾಯಿಯನ್ನು ನೋಡಲು ಬಾರದೆ ಉಳಿದ ಮಗಳ ಹಾದಿ ಹಾದುಹೋಯಿತು. ಕರಡಿಯ ತಮ್ಮ ಹಾದುಹೋದ. ಕಡೆಗೆ ಅವಳದೇ ಬಂತು. ಆಷಾಢದ ಆ ಕೋಣೆ, ಅವ್ವನ ಸುಡುವ ಹಣೆ, ಒದ್ದೆ ಬಟ್ಟೆ, ಬೆಳಗಿನ ಜಾವ ಆ ಹಣೆ ತಣ್ಣಗಾದಾಗ ಜ್ವರ ಬಿಟ್ಟಿತೆಂದು ತಾನು ಸಂತೋಷಪಟ್ಟದ್ದು. ನಾಗಲೆ ಬಿಕ್ಕಲಿಲ್ಲ, ಕೂಗಿದಳು. ಸಾವಿನ ಮನೆಯಲ್ಲಿ ಹೆಂಗಸರು ಹೆಸರು ಹಿಡಿದು ಹಾಡಿ ಅಳುತ್ತಾರಲ್ಲ, ಹಾಗೆ, ಒಂದೊಂದು ಹೆಸರಿಗೂ ಒಂದೊಂದು ನುಡಿ ಕಟ್ಟಿ ಅತ್ತಳು. ತಡೆಯಲು ಹೋಗಲಿಲ್ಲ. ಅದು ಹಾದುಹೋಗಲು ದಾರಿ ಬಿಟ್ಟಳು.

ಅಳುತ್ತಲೇ ಅವಳ ಕೈಗೆ ಕಡುಬು ಸಿಕ್ಕಿತು. ಅಳುತ್ತಲೇ ಬಾಯಿಗೆ ಇಟ್ಟಳು. ಬೆಲ್ಲ ಬೆಲ್ಲವಾಗಿತ್ತು. ಅರಿಶಿನದ ಎಲೆಯ ಘಮ ಮೂಗಿನಲ್ಲಿ ತುಂಬಿತು. ಅವಳು ಒಂದನ್ನು ಮುಗಿಸಿ ಇನ್ನೊಂದನ್ನು ಬಿಚ್ಚಿದಳು.

"ಬದುಕಿದ್ದೀಯಾ?" ಎಂದು ಬೂದುಗಣ್ಣ ಬಂಡೆಯ ಹಿಂದಿನಿಂದ ಕೇಳಿದ.

"ಬದುಕಿದ್ದೇನೆ. ಹಸಿವಾಗಿದೆ," ಎಂದಳು ನಾಗಲೆ, ಮೂಗು ಒರೆಸಿಕೊಳ್ಳುತ್ತಾ.

ಅವನು ಹತ್ತಿರ ಬಂದು ಕೂತ. "ಹೇಗಿದೆ?"

"ಅದನ್ನು ನಾನು ಹೇಳಿದರೆ ನಿಮಗೆ ತಿಳಿಯುವುದಿಲ್ಲ, ತಾತ. ನೀವೇ ತಿನ್ನಬೇಕು."

ಬೂದುಗಣ್ಣ ಎದ್ದು ಹೋಗಿ ಆ ಪುಟ್ಟ ಮಗೆಯನ್ನು ತಂದ. ಕಲ್ಲು ಎತ್ತಲಿಲ್ಲ. ಕೈ ಬಿಟ್ಟ. ಅದು ನೆಲಕ್ಕೆ ಬಿದ್ದು ಒಡೆಯಿತು. ಆ ಮುದುಕ ಅತ್ತದ್ದನ್ನು ಹೇಳುವುದು ಬೇಡ. ನಾಗಲೆ ಅವನ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತಿದ್ದಳು. ಅಳು ಮುಗಿದಾಗ ಅವನ ಮಾಯೆಯೂ ಮುಗಿದಿತ್ತು. ಅವನ ಕಣ್ಣು ಎಲ್ಲ ಮುದುಕರ ಕಣ್ಣಿನಂತೆ ಕಂದು ಬಣ್ಣದ್ದಾಗಿ, ಒದ್ದೆಯಾಗಿ ಇತ್ತು. ಇಬ್ಬರೂ ಸೇರಿ ಉಳಿದ ಗಡಿಗೆಗಳನ್ನು ಒಂದೊಂದಾಗಿ ಹೊರಗೆ ತಂದರು. ಹೊರಗೆ ಒಡೆದರೆ ಗಾಳಿ ಅರ್ಧ ಭಾರ ಹೊರುತ್ತದೆ ಎಂದು ಬೂದುಗಣ್ಣನೇ ಹೇಳಿದ. ಕರಡಿ ಕೂಡ ಒಡೆಯಲು ಬಂತು. ಅದರ ಮೂತಿಯೆಲ್ಲ ಜೇನು.

ಇತ್ತ ತೆನೆಗಿರಿಯಲ್ಲಿ ಆ ಹೊತ್ತಿಗೆ ಮೊದಲು ಕೇಳಿಸಿದ್ದು ಒಬ್ಬ ಅತ್ತೆಯ ದನಿ: "ಇದೇನೇ ಇದು, ಪಲ್ಯಕ್ಕೆ ಉಪ್ಪು ಸುರಿದಿದ್ದೀಯಾ?" ಹಾಗೆಂದವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸೊಸೆ ಓಡಿಬಂದು ಅವಳನ್ನು ತಬ್ಬಿಕೊಂಡಳು. ಒಂದೊಂದು ಮನೆಯಲ್ಲೂ ಜನ ಬಾಯಿಯಲ್ಲಿ ತುತ್ತು ಇಟ್ಟುಕೊಂಡೇ ಅತ್ತರು, ಅಳುತ್ತಲೇ ಇನ್ನಷ್ಟು ಬಡಿಸಿಕೊಂಡರು. ಸಂಜೆಗೆ ಬಂಡಿಗಳನ್ನು ಹೂಡಿದರು. ಹುಣ್ಣಿಮೆಗೆ ಇನ್ನು ಏಳೇ ದಿನ, ತವರಿಗೆ ಹೋಗಬೇಕು.

ಹುಣ್ಣಿಮೆಯ ಮಧ್ಯಾಹ್ನ ಎಲ್ಲ ಹೊಲಗಳಲ್ಲೂ ಜನ. ನಾಗಲೆ ಕಡುಬು ಬೇಯಿಸಿ ಎಡೆ ಇಟ್ಟು, ತಂದೆಯ ಎಲೆಗೆ ಒಂದನ್ನು ಬಡಿಸಿದಳು. ಅರಸ ಎಲ್ಲರ ಮುಂದೆ ಎದ್ದು ನಿಂತ. "ನಿಮ್ಮನ್ನು ಕೇಳದೆ ನಿಮ್ಮದನ್ನು ಕೊಟ್ಟೆ. ತಪ್ಪಾಯಿತು," ಎಂದು ಕೈಮುಗಿದ. ಆ ಕುಂಬಾರ ತಗ್ಗಿಸಿದ್ದ ತಲೆ ಎತ್ತಿ ಹೇಳಿದ: "ನನ್ನ ಕೂಸಿಗೆ ನಾನು ಅಳಬೇಕಾಗಿತ್ತು, ಪ್ರಭು. ಈಗ ಅತ್ತೆ. ಕೂತು ಉಣ್ಣಿ."

ಅರಸ ಕೂತು ಎಲೆ ಬಿಚ್ಚಿದ. ಮೊದಲ ತುತ್ತಿಗೇ ಅವನ ಗಡ್ಡದ ಮೇಲೆ ಕಣ್ಣೀರು ಇಳಿಯಿತು.

"ಅಪ್ಪಾಜಿ, ನೋವಾಯಿತೇ?" ಎಂದಳು ಮಗಳು.

"ಬಹಳ," ಎಂದ ಅರಸ. ಎರಡನೆಯ ತುತ್ತು ಮುರಿದ. "ಅವಳ ಎಡಗೆನ್ನೆಯಲ್ಲಿ ಒಂದು ಸಣ್ಣ ಮಚ್ಚೆ ಇತ್ತು, ಅಲ್ಲವೇ? ನಕ್ಕರೆ ಅದು ಮೇಲೇರುತ್ತಿತ್ತು."

"ಹೌದು, ಅಪ್ಪಾಜಿ."

"ಹೇಳು, ಇನ್ನೂ ಹೇಳು," ಎಂದ ಅರಸ. ಸಾತಜ್ಜಿ ಒಂದು ಹೇಳಿದಳು, ಪಕ್ಕದ ಹೊಲದವರು ಒಂದು ಹೇಳಿದರು. ರಾಣಿಯ ಮಾತಾಡುತ್ತಾ ಆಡುತ್ತಾ ಯಾರೋ ನಕ್ಕರು. ಆಮೇಲೆ ಅರಸನೂ ನಕ್ಕ. ನಾಗಲೆಯ ಜೊತೆ ಬಂದು ಪಂಕ್ತಿಯ ತುದಿಯಲ್ಲಿ ಕೂತ ಹೊಸ ಮುದುಕನಿಗೆ ಯಾರೋ ಎಳ್ಳುಂಡೆ ಬಡಿಸಿ, ಬೇಡವೆಂದರೂ ಬಿಡದೆ ಇನ್ನೊಂದು ಹಾಕಿದರು.

ಮುಂದೆ ನಾಗಲೆ ಆ ರಾಜ್ಯವನ್ನು ಆಳಿದಳು. ಬೂದುಗಣ್ಣ ಕುಂಬಾರರ ಕೇರಿಯಲ್ಲೇ ಉಳಿದು ಗಡಿಗೆ ಸುಡುವ ಕೆಲಸ ಕಲಿತ. ಅವನ ಗಡಿಗೆಗಳಿಗೆ ಮುಚ್ಚಳವೇ ಇರುತ್ತಿರಲಿಲ್ಲವಂತೆ. ತೆನೆಗಿರಿಯವರು ಅತ್ತಾಗ ಒಟ್ಟಿಗೆ ಅತ್ತು, ಉಂಡಾಗ ಒಟ್ಟಿಗೆ ಉಂಡು, ಮಕ್ಕಳು ಮೊಮ್ಮಕ್ಕಳೊಡನೆ ತಣ್ಣಗೆ ಬಾಳಿದರು. ಕೇಳಿದ ನಿಮ್ಮ ಮನೆಯ ಒಲೆಯೂ ಬೆಚ್ಚಗಿರಲಿ.